ಕಂಡಕ್ಟರಮ್ಮನ ಕೈಪಟ್ಟಿ

ಎರಡನೇ ಮಹಡಿಯ ಹೆಂಗಸರ ವಾರ್ಡಿನಲ್ಲಿ ಈಗ ಒಬ್ಬ ಹೆಂಗಸೂ ಮಲಗಿಲ್ಲ. ಮಂಚಗಳನ್ನೆಲ್ಲ ಎತ್ತಿಸಿ ಮೇಜು ಹಾಕಿಸಿದ್ದಾರೆ. ಗ್ಲೂಕೋಸ್ ಬಾಟಲಿ ತೂಗುತ್ತಿದ್ದ ಕೊಕ್ಕೆಗಳಲ್ಲಿ ಈಗ ನಮ್ಮ ಕೈಚೀಲಗಳು ತೂಗುತ್ತವೆ. ಎದುರಿನ ಗೋಡೆಯ ತುಂಬ ಪರದೆ, ಪರದೆಯ ತುಂಬ ಹಸಿರು ಗೆರೆಗಳು. ಒಂದೊಂದು ಗೆರೆಯೂ ಎಲ್ಲೋ ಒಂದು ಮನೆಯಲ್ಲಿ ಯಾರದೋ ಮಣಿಕಟ್ಟಿಗೆ ಕಟ್ಟಿದ ಪಟ್ಟಿಯಿಂದ ಬರುವ ನಾಡಿ. ವಾರ್ಡ್ ಇದ್ದಾಗ ನಡೆದೂ ನಡೆದೂ ಕಾಲು ಊದಿಸಿಕೊಳ್ಳುತ್ತಿದ್ದ ದಾದಿಯರು ನಾವು. ಈಗ ಕೂತೂ ಕೂತೂ ಸೊಂಟ ಹಿಡಿಸಿಕೊಂಡ ‘ವೀಕ್ಷಕಿಯರು’.

ರೋಗಿಗಳು ಕಡಿಮೆಯಾದರೆಂದು ತಿಳಿಯಬೇಡಿ. ಮೊದಲಿಗಿಂತ ಎಷ್ಟೋ ಪಟ್ಟು ಹೆಚ್ಚಿದ್ದಾರೆ. ಅವರನ್ನು ಮಲಗಿಸಿಕೊಳ್ಳುವ ರಗಳೆ ಮಾತ್ರ ಆಸ್ಪತ್ರೆಗೆ ತಪ್ಪಿದೆ. ‘ಮನೆಯೇ ವಾರ್ಡು’ ಎಂದು ಕೆಳಗೆ ಬಾಗಿಲ ಬಳಿ ದೊಡ್ಡ ಚಿತ್ರ ಹಾಕಿದ್ದಾರೆ. ಅದರಲ್ಲಿ ನಗುವ ಅತ್ತೆ, ನಗುವ ಸೊಸೆ. ಮಂಚ ಅತ್ತೆಯದು, ಹೊದಿಕೆ ಅತ್ತೆಯದು, ಪಥ್ಯದ ಅಡುಗೆ ಸೊಸೆಯದು, ಬೆಡ್‌ಪ್ಯಾನ್ ತೊಳೆಯುವ ಕೈಯೂ ಸೊಸೆಯದೇ. ಆಸ್ಪತ್ರೆಯದೆಂದರೆ ಆ ಒಂದು ಪಟ್ಟಿ. ಇಷ್ಟು ಅಗ್ಗಕ್ಕೆ ವಾರ್ಡ್ ನಡೆಸಬಹುದೆಂದು ಮೊದಲೇ ಹೊಳೆದಿದ್ದರೆ ಈ ಕಟ್ಟಡವನ್ನೇ ಕಟ್ಟಿಸುತ್ತಿರಲಿಲ್ಲವೇನೋ.

ಆದರೂ ಒಂದು ಮಾತು ಒಪ್ಪಬೇಕು. ಪರದೆ ನೋಡುವ ಕೆಲಸ ಒಂದು ಬಗೆಯಲ್ಲಿ ಚಟ ಹಿಡಿಸುತ್ತದೆ. ವಾರ್ಡಿನಲ್ಲಿ ಮನುಷ್ಯರನ್ನು ಕಂಡು ಆಮೇಲೆ ನಾಡಿ ಹಿಡಿಯುತ್ತಿದ್ದೆವು. ಇಲ್ಲಿ ನಾಡಿ ಹಿಡಿದು ಮನುಷ್ಯರನ್ನು ಊಹಿಸಬೇಕು. ರೋಗಿಗಳ ಹೆಸರು ನಮಗೆ ತೋರಿಸುವುದಿಲ್ಲ, ಬರೀ ನಂಬರು. ನಂಬರಿನ ಜೊತೆ ಎಷ್ಟು ದಿನ ಸಂಸಾರ ಮಾಡಲು ಸಾಧ್ಯ? ನಾವೇ ಹೆಸರಿಟ್ಟೆವು. ಒಬ್ಬರ ನಾಡಿ ದಿನಾ ಸಂಜೆ ಒಂದೇ ಹೊತ್ತಿಗೆ ಕುದುರೆಯ ಹಾಗೆ ಓಡುತ್ತಿತ್ತು. ಅದು ಟೀವಿ ಧಾರಾವಾಹಿಯ ಹೊತ್ತು ಎಂದು ಪಕ್ಕದ ಕುರ್ಚಿಯ ಹುಡುಗಿ ಪತ್ತೆ ಹಚ್ಚಿದಳು. ಅಂದಿನಿಂದ ಅವರು ಧಾರಾವಾಹಿ ಅತ್ತೆ. ಇನ್ನೊಬ್ಬರದು ಬೆಳಿಗ್ಗೆ ಪೇಪರ್ ಬಂದ ಕೂಡಲೇ ಏರಿ ಊಟದ ಹೊತ್ತಿಗೆ ಇಳಿಯುತ್ತಿತ್ತು. ಅವರು ರಾಜಕೀಯ ಮಾವ. ಪತ್ತೆ ಹಚ್ಚಿದ ಆ ಹುಡುಗಿಗೆ ನಾವಿಟ್ಟ ಹೆಸರು ಚುರುಕಿ. ಗೋಡೆಯಲ್ಲಿ ಒಂದು ಗೆರೆಯೂ ಕೆಂಪಾಗಬಾರದೆಂದು ದಿನವಿಡೀ ಬೆನ್ನ ಹಿಂದೆ ಅಡ್ಡಾಡುವ ಮೇಲ್ವಿಚಾರಕರಿಗೆ ಹಸಿರಪ್ಪ.

ಹೀಗೆ ನಮ್ಮ ಬಳಗದಲ್ಲಿ ‘ಹಳೇ ಗಡಿಯಾರ’ ಎಂಬೊಬ್ಬರಿದ್ದರು. ವಯಸ್ಸಾದ ಹೆಂಗಸು ಎಂಬುದಷ್ಟೇ ಪರದೆಯಲ್ಲಿ ಇತ್ತು. ನಿಧಾನದ ನಾಡಿ, ಅವಸರವಿಲ್ಲ, ಮುನಿಸಿಲ್ಲ. ಆ ಗೆರೆ ನೋಡಿದರೆ ನನ್ನ ತಲೆನೋವೇ ಇಳಿಯುತ್ತಿತ್ತು.

“ಅಕ್ಕಾ, ಇಲ್ಲಿ ನೋಡು,” ಎಂದಳು ಚುರುಕಿ ಒಂದು ಮಧ್ಯಾಹ್ನ. “ಹಳೇ ಗಡಿಯಾರಕ್ಕೆ ಪ್ರಾಯ ಬಂದಿದೆ!”

ನಿಜ. ನಿಧಾನದ ಗೆರೆ ಇದ್ದಕ್ಕಿದ್ದಂತೆ ತುಂಡಾಗಿ, ಸ್ವಲ್ಪ ಬಿಟ್ಟು, ತುಂಬಿದ ಚುರುಕು ನಾಡಿಯಾಗಿ ಮತ್ತೆ ಶುರುವಾಗಿತ್ತು. ಅದೂ ತುಂಡಾಯಿತು. ಆಮೇಲೆ ಬಂದದ್ದು ಗುಬ್ಬಿಯ ಹಾಗೆ ಪಟಪಟ ಹೊಡೆದುಕೊಳ್ಳುವ ಪುಟ್ಟ ನಾಡಿ.

“ಇದು ಮಗೂದು ಕಣೇ,” ಎಂದೆ.

“ಹಾಗಾದ್ರೆ ಅಜ್ಜಿಗೆ ಪ್ರಾಯ ಬಂದಿದ್ದಷ್ಟೇ ಅಲ್ಲ, ಹೆರಿಗೇನೂ ಆಯ್ತು.”

ನಕ್ಕೆವು. ಅಂದಿನಿಂದ ಮಧ್ಯಾಹ್ನದ ಊಟ ಮುಗಿಸಿ ಹಳೇ ಗಡಿಯಾರದ ಮುಂದೆ ಕೂರುವುದು ನಮಗೆ ಆಟವಾಯಿತು. ಒಂದೇ ನಂಬರಿನಲ್ಲಿ ಒಬ್ಬರಾದ ಮೇಲೆ ಒಬ್ಬರ ಎದೆ. ಇದು ಗಾಣದೆತ್ತಿನ ಹಾಗೆ ದುಡಿಯುವ ಗಂಡಸಿನದು, ಇದು ರಕ್ತ ಕಡಿಮೆಯಿರುವ ಹೆಂಗಸಿನದು ಎಂದು ಪಂದ್ಯ ಕಟ್ಟುತ್ತಿದ್ದೆವು. ಯಂತ್ರ ಮಾತ್ರ ಸುಮ್ಮನಿತ್ತು. ಪ್ರತಿ ರೋಗಿಯ ನಾಡಿಯನ್ನೂ ಅದು ದಿನದಿನ ಕಲಿಯುತ್ತದೆ; ಅವರ ಮಾಮೂಲು ಯಾವುದೋ ಅದನ್ನು ಬಿಟ್ಟು ಬೇರೆಯಾದರೆ ಮಾತ್ರ ಗೆರೆಯನ್ನು ಕೆಂಪು ಮಾಡುತ್ತದೆ. ಶುರುವಿನಲ್ಲಿ, ನಮ್ಮ ಪಾಳಿ ಇಲ್ಲದಾಗ, ಹಳೇ ಗಡಿಯಾರ ಕೆಲವು ಸಲ ಕೆಂಪಾಗಿತ್ತಂತೆ. ಹಸಿರಪ್ಪ ‘ಮಾಮೂಲು’ ಎಂಬ ಗುಂಡಿ ಒತ್ತಿ ಒತ್ತಿ ಅದನ್ನು ಸುಮ್ಮನಾಗಿಸಿದ್ದರು. ಒಂದು ಬೀದಿಯ ಎದೆಗಳನ್ನೆಲ್ಲ ಒಬ್ಬಳೇ ಮುದುಕಿಯ ಮಾಮೂಲು ಎಂದು ಯಂತ್ರ ಕಲಿತುಕೊಂಡಿತ್ತು.

ಆಟ ನಿಂತದ್ದು ಒಂದು ಸಂಜೆ. ಎಲ್ಲ ಎದೆಗಳೂ ಬಂದುಹೋಗಿ, ಗೆರೆ ಬಹಳ ಹೊತ್ತು ಖಾಲಿ ಬಿದ್ದು, ಕೊನೆಗೆ ಹೊಸದೊಂದು ಬಂತು. ಅದಕ್ಕೆ ಲಯವೇ ಇರಲಿಲ್ಲ. ಎರಡು ಬಡಿತ ಅವಸರದಲ್ಲಿ, ಒಂದು ತಡವಾಗಿ, ಒಂದು ಇಲ್ಲವೇ ಇಲ್ಲ, ಮತ್ತೆ ದಡಬಡ. ಗುರುತಿಲ್ಲದ ಮೆಟ್ಟಿಲನ್ನು ಕಣ್ಣು ಮುಚ್ಚಿ ಇಳಿದ ಹಾಗೆ.

“ಇದಕ್ಕೇನು ಹೆಸರು ಅಕ್ಕಾ?” ಎಂದಳು ಚುರುಕಿ.

ನನಗೆ ನಗು ಬರಲಿಲ್ಲ. ಈ ನಡಿಗೆ ನಾನು ವಾರ್ಡಿನಲ್ಲಿ ಕಂಡಿದ್ದೆ. ಹೃದಯದ ಮೇಲಿನ ಕೋಣೆ ಸರಿಯಾಗಿ ಹಿಂಡದೆ ಸುಮ್ಮನೆ ನಡುಗುತ್ತಿರುತ್ತದೆ. ಒಳಗೆ ನಿಂತ ರಕ್ತ ಹೆಪ್ಪುಗಟ್ಟಿ, ಆ ಚೂರು ಮಿದುಳಿಗೆ ಹೋದರೆ ಮನುಷ್ಯನ ಒಂದು ಪಕ್ಕವೇ ಬಿದ್ದುಹೋಗುತ್ತದೆ. ಮಾತ್ರೆ ಕೊಟ್ಟರೆ ತಡೆಯಬಹುದು. ಕೊಡಲು ಆ ಮನುಷ್ಯ ಯಾರೆಂದು ಗೊತ್ತಿರಬೇಕು. ಮರುದಿನ ಸಂಜೆಯೂ ಆ ತಡವರಿಸುವ ಎದೆ ಬಂತು, ಅದರ ಮರುದಿನವೂ. ಗೋಡೆ ಹಸಿರಾಗಿಯೇ ಇತ್ತು.

ಹಸಿರಪ್ಪನ ಬಳಿ ಹೋಗಿ ಬೇರೆಯವರ ವಿಷಯ ಎಂಬಂತೆ ಕೇಳಿದೆ. “ಸರ್, ಒಬ್ಬರ ಪಟ್ಟೀನ ಇನ್ನೊಬ್ಬರು ಕಟ್ಕೊಂಡ್ರೆ ಏನಾಗುತ್ತೆ?”

“ಏನಾಗುತ್ತೆ? ಕಿತ್ಕೋತೀವಿ. ಹಂಚ್ಕೊಂಡು ಹಾಕ್ಕೊಳ್ಳೋಕೆ ಅದೇನು ಛತ್ರೀನಾ? ಆ ರೋಗೀನ ಯೋಜನೆಯಿಂದಾನೇ ತೆಗೀತೀವಿ. ಯಾಕೆ, ಯಾರಾದ್ರೂ ಸಿಕ್ಕಿದ್ರಾ?”

“ಇಲ್ಲ ಸರ್, ಸುಮ್ನೆ ಕೇಳ್ದೆ.”

“ಸುಮ್ನೆ ಕೇಳೋ ಕೆಲ್ಸ ನಮ್ದಲ್ಲ. ಕೆಂಪಾದ್ರೆ ಕೇಳೋದು.”

ಕೆಟ್ಟ ಮನುಷ್ಯನಲ್ಲ. ಯಾರಿಗಾದರೂ ಜ್ವರ ಬಂದರೆ ಬೇಗ ಮನೆಗೆ ಕಳಿಸುವವರು. ಆದರೆ ಗೋಡೆ ಹಸಿರಾಗಿದ್ದಷ್ಟೂ ಆಸ್ಪತ್ರೆಗೆ ಹೊಸ ವಿಮಾ ಕಂಪನಿಗಳು ಒಲಿಯುತ್ತವೆ. ಕೆಂಪಾದರೆ ಮೇಲಿನವರು ಇವರನ್ನು ಹುರಿದು ಮುಕ್ಕುತ್ತಾರೆ. ಹಾಗಾಗಿ ಅವರಿಗೆ ರೋಗ ಬೇರೆ, ಬಣ್ಣ ಬೇರೆ.

ತಿಂಗಳಿಗೊಮ್ಮೆ ಪ್ರತಿ ರೋಗಿಗೂ ಕುಶಲ ಕೇಳುವ ಕರೆ ಹೋಗುತ್ತದೆ. ಏನು ಕೇಳಬೇಕೆಂಬ ಸಾಲುಗಳು ಪರದೆಯ ಮೇಲೆ ಬರುತ್ತವೆ, ಮಾತೆಲ್ಲ ರೆಕಾರ್ಡ್ ಆಗುತ್ತದೆ. ಆ ವಾರ ಹಳೇ ಗಡಿಯಾರದ ಸರದಿ. ನಾನೇ ಕರೆ ಮಾಡಿದೆ.

“ನಿಮ್ಮ ಆರೋಗ್ಯ ಹೇಗಿದೆ ಅಮ್ಮಾ?”

“ಫಸ್ಟ್ ಕ್ಲಾಸು,” ಎಂದಿತು ಬೀದಿಯ ಗದ್ದಲವನ್ನೂ ಮೀರುವ ಗಂಟಲು. ಅದೇ ಉಸಿರಿನಲ್ಲಿ ಫೋನಿನಿಂದ ಆಚೆ ತಿರುಗಿ, “ಒಳಗೆ ಹೋಗಿ, ಒಳಗೆ ಹೋಗಿ! ಬಾಗ್ಲಲ್ಲೇ ನಿಂತ್ಕೊಂಡ್ರೆ ಹಿಂದಿನೋರು ಹತ್ತೋದು ಹೇಗೆ?”

ನನ್ನ ಮುಂದಿನ ಸಾಲು ‘ನೀರು ಸಾಕಷ್ಟು ಕುಡಿಯುತ್ತಿದ್ದೀರಾ’ ಎಂಬುದಾಗಿತ್ತು. ಕೇಳಿದೆ. ಕುಡಿಯುತ್ತಿದ್ದರು.

ಇನ್ನು ಹೋಗಿ ನೋಡದೆ ಗತಿಯಿರಲಿಲ್ಲ. ಮನೆಮನೆಗೆ ಹೋಗಿ ಪಟ್ಟಿಯ ಬ್ಯಾಟರಿ ಬದಲಿಸುವವನು ನಮ್ಮ ಚಾರ್ಜರಣ್ಣ. ರಜೆಯ ದಿನ ಅವನ ಬೈಕಿನ ಹಿಂದೆ ಕೂತೆ.

“ಅಕ್ಕಾ, ಗೊತ್ತಾದ್ರೆ ನಿನ್ನ ಜೊತೆ ನನ್ನ ಕೆಲ್ಸಾನೂ ಹೋಗುತ್ತೆ,” ಎಂದ.

“ನಿನ್ನ ಕೆಲ್ಸ ಯಾರಿಗೆ ಬೇಕೋ? ಮುಂದೆ ನೋಡ್ಕೊಂಡು ಓಡ್ಸು.”

ಬಸ್ ಡಿಪೋದ ಹಿಂದಿನ ಇಕ್ಕಟ್ಟು ಬೀದಿ. ಇಸ್ತ್ರಿ ಅಂಗಡಿಯ ಉಗಿ, ಹೊಲಿಗೆ ಯಂತ್ರದ ಟಕಟಕ. ಚಾರ್ಜರಣ್ಣ ನಿಲ್ಲಿಸಿದ ಕಟ್ಟಡದ ಕೆಳಗೆ ಒಂದು ಬಾಗಿಲಿಗೆ ಬೀಗ. ಮೇಲಿನ ಬೋರ್ಡನ್ನು ಕೆರೆದುಹಾಕಿದ್ದರೂ ‘ಕ್ಲಿನಿಕ್’ ಎಂಬ ಅಕ್ಷರಗಳು ಕಾಣುತ್ತಿದ್ದವು. ಗಾಜಿನೊಳಗೆ ಇಣುಕಿದೆ. ತೂಕ ನೋಡುವ ಯಂತ್ರವೊಂದು ಗೋಡೆಗೆ ಮುಖ ಮಾಡಿ ನಿಂತಿತ್ತು. ಆ ಭಾಗದ ಸಣ್ಣ ಕ್ಲಿನಿಕ್‌ಗಳಿದ್ದ ಜಾಗಗಳನ್ನೆಲ್ಲ ನಮ್ಮ ಆಸ್ಪತ್ರೆ ಒಂದೊಂದಾಗಿ ಕೊಂಡು ಮುಚ್ಚಿಸಿತ್ತು. ಪಟ್ಟಿ ಬಂದ ಮೇಲೆ ಕ್ಲಿನಿಕ್ ಯಾಕೆ ಎಂಬುದು ಲೆಕ್ಕಾಚಾರ. ಪಟ್ಟಿ ಸಿಕ್ಕಿದ್ದು ವಿಮೆ ಇದ್ದವರಿಗೆ. ಬೀಗ ಸಿಕ್ಕಿದ್ದು ಎಲ್ಲರಿಗೂ.

ಮೆಟ್ಟಿಲುಗಳ ಮೇಲೆ ಒಬ್ಬರ ಹಿಂದೆ ಒಬ್ಬರು ಕೂತಿದ್ದರು. ಮೇಲೆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಪಟ್ಟಿ ಹಿಡಿದು, ದಪ್ಪ ಕನ್ನಡಕದ ಹೆಂಗಸೊಬ್ಬರು ಅಪ್ಪಣೆ ಕೊಡುತ್ತಿದ್ದರು. ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು, ಬೀದಿಗೆಲ್ಲ ಕಂಡಕ್ಟರಮ್ಮ. ಬಸ್ ಸಂಸ್ಥೆಯ ವಿಮೆಯ ದಯೆಯಿಂದ ಆ ಕಟ್ಟಡದಲ್ಲಿ ಪಟ್ಟಿ ಸಿಕ್ಕಿದ್ದು ಇವರೊಬ್ಬರಿಗೇ.

“ಯಾರಮ್ಮಾ ಹೊಸಬರು? ನಡುವೆ ನುಗ್ಬೇಡಿ, ಕೊನೇಲಿ ಕೂತ್ಕೊಳ್ಳಿ.”

“ನಾನು ಪಟ್ಟಿಯ ಆ ಕಡೆಯವಳು,” ಎಂದೆ.

ಮೆಟ್ಟಿಲ ಮೇಲಿದ್ದ ಇಸ್ತ್ರಿಯವನು ತನ್ನ ಬರಿಗೈಯನ್ನೇ ಅಂಗಿಯ ತೋಳೊಳಗೆ ಎಳೆದುಕೊಂಡ.

“ಕಿತ್ಕೊಳ್ಳೋಕೆ ಬಂದ್ರಾ?” ಎಂದರು ಕಂಡಕ್ಟರಮ್ಮ.

“ಇಲ್ಲಮ್ಮ. ಇಷ್ಟು ದಿನ ನಾಡಿ ಮಾತ್ರ ನೋಡಿದ್ದೆ. ಮುಖ ಹೇಗಿದೆ ನೋಡೋಣ ಅಂತ.”

ಅಷ್ಟು ಸಾಕಾಯಿತು. ಎಲ್ಲರೂ ಎದ್ದು ಮುತ್ತಿಕೊಂಡರು. ಹೊಲಿಗೆಯವಳು ಎಲ್ಲರಿಗಿಂತ ಮುಂದೆ. “ಸಿಸ್ಟರ್, ನನ್ನದು ಚೆನ್ನಾಗಿದೆ ಅಲ್ವಾ? ದಿನಾ ಕಟ್ಕೋತೀನಿ. ಒಂದ್ಸಲಾನೂ ನಿಮ್ಮ ಕಡೆಯಿಂದ ಫೋನ್ ಬಂದಿಲ್ಲ.”

“ನನಗೆ ಎದೆ ಉರಿ ಅಂತಿತ್ತು,” ಎಂದ ಇಸ್ತ್ರಿಯವನು. “ಕಟ್ಕೊಂಡು ಕೂತೆ. ಫೋನ್ ಬರ್ಲಿಲ್ಲ. ಸರಿ ಬಿಡು, ಏನೂ ಇಲ್ಲ ಅಂತ ಕೆಲ್ಸಕ್ಕೆ ಹೋದೆ.”

“ನನ್ನ ಮಗಳಿಗೂ ಹಾಗೇ. ಜ್ವರ ಇತ್ತು. ಫೋನ್ ಬರ್ಲಿಲ್ಲ, ಡಾಕ್ಟರ ಹತ್ರ ಹೋಗೋದು ತಪ್ತು,” ಎಂದಳು ಹಿಂದಿದ್ದ ತಾಯಿಯೊಬ್ಬಳು.

ಆಗ ನನಗೆ ಅರ್ಥವಾಯಿತು. ಇವರು ಪಟ್ಟಿಯನ್ನು ಕದ್ದು ಕಟ್ಟಿಕೊಳ್ಳುತ್ತಿರಲಿಲ್ಲ. ಡಾಕ್ಟರ ಮುಂದೆ ಕೂತ ಹಾಗೆ ನಂಬಿ ಕೂರುತ್ತಿದ್ದರು. ಆ ಕಡೆ ಯಾರೋ ನೋಡುತ್ತಾರೆ, ಕೆಟ್ಟಿದ್ದರೆ ಫೋನ್ ಮಾಡುತ್ತಾರೆ, ಮಾಡಲಿಲ್ಲವೆಂದರೆ ಆರೋಗ್ಯ. ನಮ್ಮ ಮೌನವನ್ನೇ ಮಾತ್ರೆಯ ಹಾಗೆ ನುಂಗಿ ನೆಮ್ಮದಿಯಾಗಿ ಮನೆಗೆ ಹೋಗುತ್ತಿದ್ದರು. ನಾವು ಆ ಕಡೆ ಕೂತು ಪಂದ್ಯ ಕಟ್ಟುತ್ತಿದ್ದೆವು.

ಒಬ್ಬೊಬ್ಬರ ಕೈ ಹಿಡಿದು ನಾಡಿ ನೋಡಿದೆ. ಬೆಚ್ಚಗಿನ ಮಣಿಕಟ್ಟಿನ ಮೇಲೆ ಬೆರಳಿಟ್ಟು ಎಷ್ಟು ಕಾಲವಾಗಿತ್ತು! ತುಂಬಿದ ಚುರುಕು ನಾಡಿ ಹೊಲಿಗೆಯವಳದು. ಗಂಡಸಿನದೆಂದು ನಾನು ಪಂದ್ಯ ಕಟ್ಟಿದ್ದೆ; ಸೋತೆ. ಗುಬ್ಬಿಯ ನಾಡಿ ಎರಡು ಜಡೆಯ ಪುಟ್ಟ ಹುಡುಗಿಯದು. ಎಲ್ಲರೂ ಸಿಕ್ಕರು. ತಡವರಿಸುವ ಎದೆ ಮಾತ್ರ ಸಿಗಲಿಲ್ಲ.

“ಇಷ್ಟೇ ಜನಾನಾ ಅಮ್ಮಾ?”

“ಇಷ್ಟೇ.”

“ಇನ್ನೊಬ್ಬರಿದ್ದಾರೆ. ಎಲ್ಲ ಹೋದ ಮೇಲೆ ಸಂಜೆ ಕಟ್ಕೊಳ್ಳೋರು.”

ಕಂಡಕ್ಟರಮ್ಮ ಬಾಗಿಲಲ್ಲಿ ನಿಂತಿದ್ದ ತಮ್ಮ ಸೊಸೆಯ ಮುಖ ನೋಡಿದರು. ಸೊಸೆ ಚಾವಣಿ ನೋಡಿದಳು.

“ಹೇಳಿ ಅಮ್ಮಾ. ಅವರ ಎದೆ ಸರಿಯಿಲ್ಲ. ಇವತ್ತೋ ನಾಳೆಯೋ ಲಕ್ವ ಹೊಡೆದು ಬಿದ್ದರೆ ನಾನೂ ನೀವೂ ನೋಡ್ತಾ ಕೂತಿದ್ದ ಹಾಗಾಗುತ್ತೆ.”

“ಕೊನೆಗೂ ಬಂದ್ರಾ?” ಎಂದಿತು ಅಡುಗೆಮನೆಯಿಂದ ಒಂದು ದನಿ. ಚಹಾ ಲೋಟ ಹಿಡಿದು ಉದ್ದನೆಯ ಮುದುಕರೊಬ್ಬರು ಹೊರಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಜೇಬಿಗೆ ಪೆನ್ನು. ಮುತ್ತಿಕೊಂಡಿದ್ದವರೆಲ್ಲ ಅಭ್ಯಾಸಬಲದಿಂದ ಸರಿದು ದಾರಿ ಬಿಟ್ಟರು. ಕೆಳಗೆ ಬೀಗ ಬಿದ್ದಿದ್ದ ಕ್ಲಿನಿಕ್ ನಡೆಸುತ್ತಿದ್ದ ಡಾಕ್ಟರು ಅವರೇ. ಜಾಗದ ಒಡೆಯ ಅದನ್ನು ಆಸ್ಪತ್ರೆಗೆ ಮಾರಿದಾಗ ಸ್ಟೆತಸ್ಕೋಪ್ ಒಂದನ್ನು ಕೊರಳಿಗೆ ಹಾಕಿಕೊಂಡು ಹೊರಬಂದು, ಇದೇ ಕಟ್ಟಡದ ಮೇಲಿನ ಕೋಣೆ ಸೇರಿದ್ದರು.

ಕೈ ಚಾಚಿದರು. ಬೆರಳಿಟ್ಟೆ. ಎರಡು ಅವಸರ, ಒಂದು ತಡ, ಒಂದು ಇಲ್ಲವೇ ಇಲ್ಲ.

“ಡಾಕ್ಟ್ರೇ, ಇದು ನಿಮಗೆ ಗೊತ್ತಿಲ್ಲದ್ದೇನಲ್ಲ!”

“ಗೊತ್ತಿರೋದಕ್ಕೇ ಕಟ್ಕೊಂಡಿದ್ದು,” ಎಂದರು ಡಾಕ್ಟರು, ಚಹಾ ಹೀರುತ್ತ. “ಫೋನ್ ಬರ್ಲಿಲ್ಲ ಅಂದ್ರೆ ಆರೋಗ್ಯ ಅಂತ ಅರ್ಥ ಅಲ್ರಪ್ಪಾ ಅಂತ ಇವರಿಗೆಲ್ಲ ಹೇಳ್ದೆ. ಕ್ಲಿನಿಕ್ ಹೋಯ್ತಲ್ಲ, ಅದಕ್ಕೆ ಮುದುಕನಿಗೆ ಹೊಟ್ಟೆಕಿಚ್ಚು ಅಂದ್ರು. ಇವನೇ ಅಂದಿದ್ದು.” ಇಸ್ತ್ರಿಯವನು ತಲೆ ತಗ್ಗಿಸಿದ. “ಸರಿ, ಕೆಟ್ಟಿರೋ ಎದೆ ಒಂದನ್ನ ಇದಕ್ಕೆ ಕಟ್ಟಿ ನೋಡೋಣ, ಫೋನ್ ಬರುತ್ತಾ ಇಲ್ವಾ ಅಂತ ಅನ್ಕೊಂಡೆ. ಅಂಥ ಎದೆಗೆ ಎಲ್ಲಿಗೆ ಹೋಗ್ಲಿ? ನನ್ನದೇ ಇತ್ತು.”

“ಮಾತ್ರೆ?”

“ತಗೊಳ್ತಿಲ್ಲ. ಮಾತ್ರೆ ತಗೊಂಡು ನಾಡಿ ಸರಿಹೋದ್ರೆ ಪರೀಕ್ಷೆ ಎಲ್ಲಿ ಉಳೀತು?”

ಕಂಡಕ್ಟರಮ್ಮ ಕುರ್ಚಿಯಿಂದ ಎದ್ದೇಬಿಟ್ಟರು. “ಏನಂದ್ರೀ? ಪಟ್ಟೀನ ಹಟ ಮಾಡ್ಕೊಂಡು ಬೈತಿದ್ದೋರೇ ಕದ್ದು ಬಂದು ಕಟ್ಕೋತಾರಲ್ಲ, ನಾಲ್ಕು ಜನಕ್ಕೆ ಗೊತ್ತಾದ್ರೆ ಮಾನ ಹೋಗುತ್ತೆ ಅಂತ ನಾನು ಬಾಯಿ ಮುಚ್ಕೊಂಡಿದ್ರೆ, ನೀವು ನನ್ನ ಮನೇಲಿ ಕೂತು ಸಾಯೋಕೆ ನೋಡ್ತಿದ್ರಾ? ಅದೂ ನನ್ನ ಚಹಾ ಕುಡ್ಕೊಂಡು?”

“ಸಕ್ಕರೆ ಕಡಿಮೆ ಹಾಕಿ ಅಂತ ಮಾತ್ರ ಹೇಳಿದ್ದೆ,” ಎಂದರು ಡಾಕ್ಟರು.

“ನಾನು ದಿನಾ ನೋಡ್ತಿದ್ದೆ ಡಾಕ್ಟ್ರೇ,” ಎಂದೆ. “ನಿಮ್ಮ ಗೆರೆ ಬಂದಾಗೆಲ್ಲ.”

ಅವರು ಲೋಟ ಕೆಳಗಿಟ್ಟರು. ಮೊದಲ ಸಲ ನನ್ನನ್ನು ನೆಟ್ಟಗೆ ನೋಡಿದರು. ಕೋಪವಿರಲಿಲ್ಲ, ತಿಳಿದುಕೊಳ್ಳುವ ಆಸೆಯಿತ್ತು. “ಹೌದಾ? ಅಂದ್ರೆ ಆ ಕಡೆ ಮನುಷ್ಯರಿದ್ದಾರೆ. ನಾನು ಬರೀ ಯಂತ್ರ ಅನ್ಕೊಂಡಿದ್ದೆ. ನೋಡಿ ಏನು ಮಾಡಿದ್ರಿ?”

ಹೇಳಿದೆ. ಯಂತ್ರ ಕೆಂಪು ಮಾಡದಿದ್ದರೂ ನಾವೇ ಒತ್ತಿ ಕೆಂಪು ಮಾಡುವ ಗುಂಡಿಯೊಂದಿದೆ. ಆದರೆ ಒತ್ತಿದ ಮೇಲೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಪಟ್ಟಿ ಬೇರೆಯವರ ಕೈಯಲ್ಲಿದೆ ಎಂದು ಗೊತ್ತಾಗುತ್ತದೆ, ಕಂಡಕ್ಟರಮ್ಮನ ಪಟ್ಟಿ ಹೋಗುತ್ತದೆ. “ಅದಕ್ಕೇ ಮೊದಲು ನಿಮ್ಮನ್ನ ಹುಡುಕಿ, ಸದ್ದಿಲ್ಲದೆ ಔಷಧಿ ಶುರು ಮಾಡಿಸೋಣ ಅಂತ ಬಂದೆ.”

“ಸದ್ದಿಲ್ಲದೆ ನಾನು ನುಂಗಲ್ಲ,” ಎಂದರು. “ಇವರ ಮುಂದೆ, ನಿಮ್ಮ ಆಸ್ಪತ್ರೆ ಫೋನ್ ಮಾಡಿ, ಈ ಎದೆ ಕೆಟ್ಟಿದೆ, ಇಷ್ಟು ದಿನ ನಾವು ಹೇಳ್ಲಿಲ್ಲ ಅಂತ ಹೇಳ್ಲಿ. ಆ ಕ್ಷಣ ನುಂಗ್ತೀನಿ. ಕರೆದ ಕಡೆ ಬರ್ತೀನಿ.”

“ಅಷ್ಟರೊಳಗೆ ನಿಮಗೇನಾದ್ರೂ ಆದ್ರೆ?”

“ಆಗ ಇವರು ನಂಬ್ತಾರೆ.”

ಮೂವತ್ತು ವರ್ಷ ಈ ಬೀದಿಯ ನಾಡಿ ಹಿಡಿದವರು. ಬೀದಿ ಅವರ ಮಾತು ನಂಬುವುದನ್ನು ಬಿಟ್ಟದ್ದು ಎದೆಗಿಂತ ಹೆಚ್ಚು ನೋಯುತ್ತಿತ್ತೇನೋ. ಆದರೂ ನನಗೆ ಸಿಟ್ಟು ನೆತ್ತಿಗೇರಿತು. ಅಷ್ಟರಲ್ಲಿ ಕಂಡಕ್ಟರಮ್ಮ ನನ್ನ ತೋಳು ಹಿಡಿದರು.

“ಒಂದು ಕೇಳ್ತೀನಿ, ನಿಜ ಹೇಳಮ್ಮ. ಇಷ್ಟೊಂದು ಜನರ ಎದೇನ ನಂದೇ ಅಂತ ಕಲ್ತಿದೆಯಲ್ಲ ನಿಮ್ಮ ಯಂತ್ರ, ನಾಳೆ ನಂಗೇ ಹೆಚ್ಚುಕಡಿಮೆ ಆದ್ರೆ ಫೋನ್ ಬರುತ್ತಾ?”

“ಬರೋದು ಕಷ್ಟ.”

“ಸತ್ತರೆ?”

“ನಾಡಿ ಪೂರ್ತಿ ನಿಂತರೆ ಬರಬಹುದು.”

“ಅದಕ್ಕೆ ನಿಮ್ಮ ಫೋನ್ ಯಾಕೆ? ನಮ್ಮ ಸೊಸೆ ಕಿರುಚೋದು ಡಿಪೋವರೆಗೂ ಕೇಳ್ಸುತ್ತೆ.” ಪಟ್ಟಿಯನ್ನು ಅಂಗೈಯಲ್ಲಿ ಒಮ್ಮೆ ತೂಗಿ ನೋಡಿದರು. “ಹೋದ್ರೆ ಹೋಗ್ಲಿ. ನೀನು ಫೋನ್ ಮಾಡು.”

ಮರುದಿನ ಸಂಜೆ ನಾನೂ ಚುರುಕಿಯೂ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಖಾಲಿ ಗೆರೆ ತುಂಬಿಕೊಂಡಿತು. ಆ ದಿನ ಅದು ತಡವರಿಸುವುದಷ್ಟೇ ಅಲ್ಲ, ಓಡುತ್ತಿತ್ತು. ಹಿಂದೆ ಎಂದೂ ಕಾಣದ ಓಟ. ಯಂತ್ರ ಹೊಲಿಗೆಯವಳ ಚುರುಕನ್ನೂ ಮಗುವಿನ ಪಟಪಟವನ್ನೂ ಕಂಡಿತ್ತಲ್ಲ, ಇದನ್ನೂ ಹಸಿರು ಎಂದಿತು.

ಗುಂಡಿ ಒತ್ತಿದೆ.

ಎಚ್ಚರಿಕೆಯ ಗಂಟೆ ಕೂಗಿತು. ವಾರ್ಡ್ ತೆಗೆದ ಮೇಲೆ ನಾನು ಆ ಕೋಣೆಯಲ್ಲಿ ಅಂಥ ಸದ್ದು ಕೇಳಿರಲಿಲ್ಲ. ಗೋಡೆಯ ನಡುವೆ ಒಂದು ಕೆಂಪು ಗೆರೆ. ಹಸಿರಪ್ಪ ಓಡಿಬಂದರು. ಅಷ್ಟರಲ್ಲಿ ಫೋನ್ ಆ ಕಡೆ ರಿಂಗಾಗಿ, ಕಂಡಕ್ಟರಮ್ಮ ಎತ್ತಿ, ಎಲ್ಲರಿಗೂ ಕೇಳುವ ಹಾಗೆ ಜೋರು ಮಾಡಿದ್ದರು. ಮೆಟ್ಟಿಲ ಮೇಲಿನ ಉಸಿರಾಟವೂ ಇತ್ತ ಕೇಳಿಸುತ್ತಿತ್ತು.

‘ನೀವು ಈಗ ಕುಳಿತಿದ್ದೀರಾ, ಮಲಗಿದ್ದೀರಾ’ ಎಂಬ ಸಾಲು ಪರದೆಯ ಮೇಲೆ ಬಂತು. ಅದನ್ನು ಬಿಟ್ಟೆ.

“ಆಸ್ಪತ್ರೆಯಿಂದ ಮಾತಾಡ್ತಿದ್ದೀನಿ. ಈ ಗೆರೇಲಿ ಒಬ್ಬರ ನಾಡಿ ಇಲ್ಲ, ಒಂದು ಬೀದಿಯ ನಾಡಿ ಇದೆ. ಈಗ ಕಟ್ಕೊಂಡಿರೋ ಎದೆ ಕೆಟ್ಟಿದೆ, ತುಂಬ ಕೆಟ್ಟಿದೆ. ಇಷ್ಟು ದಿನಾನೂ ಕೆಟ್ಟಿತ್ತು. ನಮ್ಮ ಗೋಡೆ ಅದನ್ನ ಹಸಿರು ಅಂತ ತೋರಿಸ್ತು, ನಾವು ಫೋನ್ ಮಾಡ್ಲಿಲ್ಲ. ಫೋನ್ ಬರ್ಲಿಲ್ಲ ಅಂತ ನೀವು ಯಾರೂ ನೆಮ್ಮದಿಯಾಗಿ ಇರ್ಬೇಡಿ.”

“ಇಡಿ! ಫೋನ್ ಇಡಿ!” ಎಂದರು ಹಸಿರಪ್ಪ.

“ಯಾರದು ಆ ದನಿ?” ಎಂದರು ಆ ಕಡೆಯಿಂದ ಡಾಕ್ಟರು. ಮಾತಿನ ನಡುವೆ ಮೇಲುಸಿರು. “ದೊಡ್ಡವರಿದ್ದ ಹಾಗಿದೆ. ಅವರಿಗೆ ಕೊಡಿ.”

ಕೊಡಬೇಕಾಗಿರಲಿಲ್ಲ, ನಾನೂ ಜೋರು ಮಾಡಿದೆ.

“ಸ್ವಾಮೀ, ಒಂದೇ ಪ್ರಶ್ನೆ,” ಎಂದರು ಡಾಕ್ಟರು. “ಈಗ ನಿಮ್ಮ ಗೋಡೇಲಿ ಕೆಂಪಾಗಿರೋ ಎದೆ ನಿಮ್ಮ ರೋಗಿಯದೋ, ಅಲ್ವೋ?”

ಇಕ್ಕಟ್ಟು ಹಸಿರಪ್ಪನಿಗೆ ನನಗಿಂತ ಬೇಗ ಹೊಳೆದಿತ್ತು. ಅಲ್ಲ ಎಂದರೆ, ಇಷ್ಟು ದಿನ ಯಾರದೋ ಎದೆಗೆ ‘ಮಾಮೂಲು’ ಒತ್ತಿದವರು ತಾವು ಎಂದು ರೆಕಾರ್ಡಿನಲ್ಲಿ ಒಪ್ಪಿದಂತೆ. ಆಮೇಲೆ ಗೋಡೆಯ ಇನ್ನುಳಿದ ಹಸಿರು ಯಾರದು ಎಂದು ಎಲ್ಲ ವಿಮಾ ಕಂಪನಿಗಳೂ ಕೇಳುತ್ತವೆ. ಹೌದು ಎಂದರೆ, ಆಂಬುಲೆನ್ಸ್ ಕಳಿಸಲೇಬೇಕು. ಕೋಣೆಯಲ್ಲಿ ಎಲ್ಲರೂ ಕುರ್ಚಿ ತಿರುಗಿಸಿ ಅವರನ್ನೇ ನೋಡುತ್ತಿದ್ದರು. ಅವರು ಕೆಂಪು ಗೆರೆಯನ್ನು ನೋಡಿದರು. ಬಣ್ಣವನ್ನಲ್ಲ, ಗೆರೆಯನ್ನು, ಅದು ಎಡವುತ್ತ ಓಡುವುದನ್ನು. ಇಷ್ಟು ವರ್ಷದಲ್ಲಿ ಒಂದು ನಾಡಿಯನ್ನು ಅವರು ಅಷ್ಟು ಹೊತ್ತು ನೋಡಿದ್ದು ನಾನು ಕಾಣೆ.

“ನಮ್ಮ ರೋಗಿಯದೇ,” ಎಂದರು ಕೊನೆಗೆ, ದನಿ ತಗ್ಗಿಸಿ. “ಆಂಬುಲೆನ್ಸ್ ಕಳಿಸ್ತಿದ್ದೀವಿ.”

“ಸಂತೋಷ,” ಎಂದರು ಡಾಕ್ಟರು. “ಸಿಸ್ಟರ್, ಮಾತ್ರೆ ನುಂಗಿದೆ. ಎಲ್ಲರೂ ನೋಡ್ತಿದ್ದಾರೆ.”

ಫೋನ್ ಇಡಬೇಡಿ ಎಂದು ನಾನು ಹೇಳಿದೆ. ಯಾರೂ ಇಡಲಿಲ್ಲ. ಆಂಬುಲೆನ್ಸಿನ ಕೂಗು ಹತ್ತಿರವಾಯಿತು, ಮೆಟ್ಟಿಲ ಮೇಲೆ ಬೂಟು ಸದ್ದು ಮಾಡಿತು.

“ರೋಗಿ ಎಲ್ಲಿ? ವಯಸ್ಸಾದ ಹೆಂಗಸು ಅಂತ ಹೇಳಿದ್ದಾರೆ ನಮಗೆ,” ಎಂದಿತು ಹೊಸ ದನಿ.

“ನಾನೇ ಆ ಹೆಂಗಸು,” ಎಂದರು ಕಂಡಕ್ಟರಮ್ಮ. “ಇವರನ್ನ ಎತ್ತಿ.”

“ಏನಮ್ಮಾ ತಮಾಷೆ? ಇವರು ಗಂಡಸು.”

“ಪಟ್ಟಿ ಯಾರ ಕೈಯಲ್ಲಿದೆಯಪ್ಪಾ? ಪಟ್ಟಿ ನೋಡು. ಮುಖ ಯಾಕೆ ನೋಡ್ತೀಯ? ನಿಮ್ಮ ಆಸ್ಪತ್ರೆಯೋರು ಇಷ್ಟು ದಿನ ನನ್ನ ಮುಖ ನೋಡಿದ್ರಾ?”

ಆಂಬುಲೆನ್ಸಿನವನು ಪಟ್ಟಿಯ ನಂಬರು ಓದಿ ಹೇಳಿದ. ಉತ್ತರಕ್ಕಾಗಿ ಎಲ್ಲರೂ ಹಸಿರಪ್ಪನ ಕಡೆ ನೋಡಿದೆವು.

“ಎತ್ತಿ,” ಎಂದರು ಹಸಿರಪ್ಪ. ಅಷ್ಟೇ.

ಬೂಟುಗಳು ಇಳಿದುಹೋದವು. ಕೆಂಪು ಗೆರೆ ಕೆಲವು ಕ್ಷಣ ತುಂಡಾಗಿ, ಆಂಬುಲೆನ್ಸಿನೊಳಗಿನಿಂದ ಮತ್ತೆ ಬರತೊಡಗಿತು. ಎಡವುತ್ತಿತ್ತು, ಆದರೆ ಬರುತ್ತಿತ್ತು. ಈಗ ಅವರ ಪಕ್ಕದಲ್ಲಿ ಕೈ ಹಿಡಿದುಕೊಂಡು ಒಬ್ಬ ಮನುಷ್ಯನಿದ್ದ.

ಮೆಟ್ಟಿಲ ಮೇಲಿನವರು ಇನ್ನೂ ಹೋಗಿರಲಿಲ್ಲ. ಪಿಸುಪಿಸು ಕೇಳುತ್ತಿತ್ತು. ಯಾರೋ ಯಾರನ್ನೋ ಮುಂದೆ ತಳ್ಳಿದರು.

“ಸಿಸ್ಟರ್, ಇದ್ದೀರಾ?” ಇಸ್ತ್ರಿಯವನ ದನಿ. “ಹಾಗಾದ್ರೆ ನನ್ನ ಎದೆ ಉರಿ... ಅದು ಏನು?”

“ಗೊತ್ತಿಲ್ಲ,” ಎಂದೆ. “ನೀವೇ ಬನ್ನಿ. ಪಟ್ಟಿ ಬೇಡ.”

“ನಂಗೆ ವಿಮೆ ಇಲ್ಲ.”

“ಎದೆ ಇದೆಯಲ್ಲ, ಬನ್ನಿ. ಎಲ್ಲರೂ ಬನ್ನಿ. ಇವತ್ತೇ.”

ಫೋನಿನಲ್ಲಿ ಗದ್ದಲವೆದ್ದಿತು. ಇಸ್ತ್ರಿ ಪೆಟ್ಟಿಗೆ ಆರಿಸಿದ್ದೀಯಾ ಎಂದು ಯಾರೋ ಕೇಳುತ್ತಿದ್ದರು, ಮಗುವಿಗೆ ಚಪ್ಪಲಿ ಹುಡುಕುತ್ತಿದ್ದರು. ಹಸಿರಪ್ಪ ನನ್ನ ಮೇಜಿಗೆ ಕೈಯೂರಿ ನಿಂತಿದ್ದರು. ನಾಳೆ ನನ್ನ ಕೆಲಸ ಇರುತ್ತದೋ ಇಲ್ಲವೋ ಅವರಿಗೂ ಗೊತ್ತಿರಲಿಲ್ಲ, ಅವರದು ಇರುತ್ತದೋ ಎಂಬುದೂ.

“ಅಷ್ಟು ಜನ ಬಂದ್ರೆ ಎಲ್ಲಿ ಕೂರಿಸ್ತೀರಿ?” ಎಂದರು ಮೆಲ್ಲಗೆ.

“ಅದೇ ನಂಗೂ ಕುತೂಹಲ ಸರ್,” ಎಂದು ನಾನು ಎದ್ದು, ಬಾಗಿಲು ತೆರೆಯಲು ಹೋದೆ.